ಭಯದ ಆಚೆಗಿನ ದೇವರು

ಭಟ್ಕಳದಿಂದ ಮುರುಡೇಶ್ವರದ ಕಡೆಗೆ ಹೆದ್ದಾರಿಯಲ್ಲಿ ಸಾಗುವವರಿಗೆ ಶಿರಾಲಿ ನಡುವೆ ಎದುರಾಗುವ ಒಂದು ಸಣ್ಣ ಊರು. ಚಿತ್ರಾಪುರ ಮಠ ಹಾಗೂ ಮಹಾಗಣಪತಿ ಮಹಾಮಾಯಾ ದೇವಸ್ಥಾನಗಳಿಂದಾಗಿ ದೂರದ ಊರುಗಳಲ್ಲಿ ನೆಲೆಸಿರುವ ಸಾರಸ್ವತ ಕುಟುಂಬಗಳಿಗೆ ಅದು ಯಾತ್ರಾಸ್ಥಳ. ಯುರೋಪಿನ ತತ್ವಶಾಸ್ತ್ರದ ಚರಿತ್ರೆಯಲ್ಲಿ ಇಂಥ ಊರಿಗೆ ಸ್ಥಾನವಿರಲು ಕಾರಣವಿಲ್ಲ. ಆದರೂ ಹದಿನೇಳನೆಯ ಶತಮಾನದಲ್ಲಿ ದೇವರು, ನಿಸರ್ಗ ಮತ್ತು ಸಾರ್ಥಕ ಬದುಕು ಎಂಬ ಮೂರು ಮಾತುಗಳ ಅರ್ಥವನ್ನೇ ಬದಲಿಸಿದ ಚಿಂತಕನೊಬ್ಬನ ಹಿರಿಯರನ್ನು ಪೋರ್ಚುಗಲ್‌ನಿಂದ ಅಟ್ಟಿದ ಶಕ್ತಿಯೂ, ಶಿರಾಲಿಯ ಸುತ್ತಮುತ್ತ ಬೇರೂರಿದ ಅನೇಕ ಕುಟುಂಬಗಳ ಹಿರಿಯರನ್ನು ಗೋವೆಯಿಂದ ಎಬ್ಬಿಸಿದ ಶಕ್ತಿಯೂ ಒಂದೇ ಆಗಿತ್ತು. ಆ ಚಿಂತಕ ಬಾರೂಕ್ ಸ್ಪಿನೋಜಾ. ಆ ಶಕ್ತಿ ಪೋರ್ಚುಗೀಸ್ ಸಾಮ್ರಾಜ್ಯದ ಧರ್ಮವಿಚಾರಣಾ ವ್ಯವಸ್ಥೆ, ಅಂದರೆ ಇನ್‌ಕ್ವಿಸಿಷನ್.

ಇದನ್ನು ಕೇವಲ ಚರಿತ್ರೆಯ ಕುತೂಹಲವೆಂದು ಬದಿಗಿಡುವಂತಿಲ್ಲ. ಧರ್ಮದ ಹೆಸರಿನ ಭಯದಿಂದ ಓಡಿಬಂದವರು ಹೊಸ ನೆಲದಲ್ಲಿ ಎಂಥ ಸಮಾಜವನ್ನು ಕಟ್ಟಿಕೊಂಡರು, ತಮ್ಮೊಳಗೇ ಬೇರೆಯಾಗಿ ಯೋಚಿಸಿದವನನ್ನು ಹೇಗೆ ನಡೆಸಿಕೊಂಡರು ಎಂಬ ಪ್ರಶ್ನೆಯನ್ನು ಅದು ಎತ್ತುತ್ತದೆ. ಆ ಪ್ರಶ್ನೆ ಆಮ್‌ಸ್ಟರ್‌ಡ್ಯಾಮಿಗೂ ಸೇರಿದ್ದು, ಕೆನರಾ ಕರಾವಳಿಗೂ ಸೇರಿದ್ದು. ಭಯವನ್ನು ಬುನಾದಿಯಾಗಿಸಿಕೊಂಡ ದೈವಭಕ್ತಿಯಾಗಲಿ ಸಮಾಜವಾಗಲಿ ಸಾರ್ಥಕ ಬದುಕನ್ನು ಕೊಡಲಾರದು ಎಂಬ ಸ್ಪಿನೋಜಾನ ಮಾತು ನಮ್ಮ ಕಾಲಕ್ಕೆ ಎಷ್ಟು ಸಲ್ಲುತ್ತದೆ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಪೋರ್ಚುಗಲ್‌ನಲ್ಲಿ ಇನ್‌ಕ್ವಿಸಿಷನ್ ಆರಂಭವಾದದ್ದು 1536ರಲ್ಲಿ. ಬಲವಂತದಿಂದ ಕ್ರೈಸ್ತರಾದ ಯಹೂದಿಗಳು ಮನೆಯೊಳಗೆ ಹಳೆಯ ಆಚರಣೆಗಳನ್ನು ಉಳಿಸಿಕೊಂಡಿದ್ದಾರೆಯೇ ಎಂದು ಪತ್ತೆಹಚ್ಚುವುದು ಅದರ ಮುಖ್ಯ ಕೆಲಸ. 1560ರಲ್ಲಿ ಅದರ ಶಾಖೆ ಗೋವೆಗೆ ಬಂತು. ನಡುವೆ ಕೆಲವು ವರ್ಷಗಳ ಬಿಡುವನ್ನು ಹೊರತುಪಡಿಸಿದರೆ 1812ರವರೆಗೂ ನಡೆಯಿತು. ಗೋವೆಯಲ್ಲಿಯೂ ಅದರ ಕಣ್ಣು ಮೊದಲು ಬಿದ್ದದ್ದು ಯಹೂದಿ ಮೂಲದವರ ಮೇಲೆ. ಭಾರತದ ಔಷಧ ಸಸ್ಯಗಳ ಬಗ್ಗೆ 1563ರಲ್ಲಿ ಗೋವೆಯಲ್ಲಿಯೇ ಮಹತ್ವದ ಗ್ರಂಥವನ್ನು ಪ್ರಕಟಿಸಿದ ವೈದ್ಯ ಗಾರ್ಸಿಯಾ ದ ಒರ್ತಾ ಅಂಥ ಕುಟುಂಬದವನು. ಅವನು 1568ರಲ್ಲಿ ತೀರಿಕೊಂಡ. ಮರುವರ್ಷ ಅವನ ಸೋದರಿಯನ್ನು ಜೀವಂತ ಸುಟ್ಟರು. 1580ರಲ್ಲಿ ಅವನ ಅಸ್ಥಿಗಳನ್ನೇ ಗೋರಿಯಿಂದ ಹೊರತೆಗೆದು ಸುಟ್ಟರು. ಸತ್ತವನಿಗೂ ಬಿಡುಗಡೆಯಿಲ್ಲದ ನ್ಯಾಯ ಅದು.

ಗೋವೆಯ ಹಿಂದೂಗಳ ವಲಸೆ ಇದಕ್ಕೂ ಮೊದಲೇ, 1540ರ ದಶಕದಲ್ಲಿ ದೇವಾಲಯಗಳ ನಾಶದೊಂದಿಗೆ, ತೀವ್ರವಾಗಿತ್ತು. ವ್ಯಾಪಾರದ ಕಾರಣವೂ ಅದಕ್ಕೆ ಸೇರಿದ್ದುಂಟು. ಕೊಂಕಣಿ ಮಾತನಾಡುವ ಕುಟುಂಬಗಳು ದೇವರನ್ನು ಹೊತ್ತುಕೊಂಡು ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳಗಳನ್ನು ಹಾದು ಮಂಗಳೂರು, ಕೊಚ್ಚಿಗಳವರೆಗೂ ಚದುರಿದವು. ಲೆಕ್ಕಪತ್ರ ಬಲ್ಲವರಿಗೆ ಕೆಳದಿ ಅರಸರ ಆಡಳಿತದಲ್ಲಿ ಕೆಲಸ ಸಿಕ್ಕಿತು. ತಮಗೊಬ್ಬ ಗುರು ಬೇಕೆಂಬ ಅವರ ಹಂಬಲಕ್ಕೆ ಉತ್ತರವಾಗಿ 1708ರಲ್ಲಿ ಗೋಕರ್ಣದಲ್ಲಿ ಪರಿಜ್ಞಾನಾಶ್ರಮ ಸ್ವಾಮಿಗಳಿಂದ ಗುರುಪರಂಪರೆ ಆರಂಭವಾಯಿತು ಎಂದು ಚಿತ್ರಾಪುರ ಸಾರಸ್ವತರ ಪರಂಪರೆ ಹೇಳುತ್ತದೆ. ಎರಡನೆಯ ಗುರುಗಳು 1757ರಲ್ಲಿ ಶಿರಾಲಿಯಲ್ಲಿ ಸಮಾಧಿಸ್ಥರಾದ ಬಳಿಕ ಈ ಊರೇ ಮಠದ ನೆಲೆಯಾಯಿತು.

ಅತ್ತ ಪೋರ್ಚುಗಲ್‌ನಲ್ಲಿ ಹುಟ್ಟಿದ ಸ್ಪಿನೋಜಾನ ತಂದೆ ಫ್ರಾನ್ಸಿನ ಮೂಲಕ ಹಾಲೆಂಡ್ ತಲುಪಿ ಆಮ್‌ಸ್ಟರ್‌ಡ್ಯಾಮಿನಲ್ಲಿ ವ್ಯಾಪಾರಿಯಾದ. ಅಲ್ಲಿನ ಯಹೂದಿಗಳು ಬಹಿರಂಗವಾಗಿ ತಮ್ಮ ಧರ್ಮವನ್ನು ಆಚರಿಸಬಹುದಿತ್ತು. ಸ್ಪಿನೋಜಾ ಅಲ್ಲಿ 1632ರಲ್ಲಿ ಹುಟ್ಟಿದ. 1677ರ ಫೆಬ್ರವರಿಯಲ್ಲಿ, ನಲವತ್ತನಾಲ್ಕರ ಹರೆಯದಲ್ಲಿ ಹೇಗ್ ನಗರದಲ್ಲಿ ತೀರಿಕೊಂಡ. ಅವನ ಮೇರುಕೃತಿ ‘ಎಥಿಕ್ಸ್’ ಅದೇ ವರ್ಷದ ಕೊನೆಗೆ ಗೆಳೆಯರ ಮುತುವರ್ಜಿಯಿಂದ ಆಮ್‌ಸ್ಟರ್‌ಡ್ಯಾಮಿನಲ್ಲಿ ಮುದ್ರಣಗೊಂಡಿತು. ಅದರ ಮರುವರ್ಷ, 1678ರಲ್ಲಿ, ಅದೇ ನಗರದಲ್ಲಿ ‘ಹಾರ್ಟಸ್ ಮಲಬಾರಿಕಸ್’ ಎಂಬ ಸಸ್ಯಶಾಸ್ತ್ರ ಗ್ರಂಥದ ಮೊದಲ ಸಂಪುಟ ಹೊರಬಂತು. ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್ ರೂಪಿಸಿದ ಆ ಗ್ರಂಥಕ್ಕೆ ನೆರವಾದವರಲ್ಲಿ ರಂಗ ಭಟ್, ವಿನಾಯಕ ಪಂಡಿತ ಮತ್ತು ಅಪ್ಪು ಭಟ್ ಎಂಬ ಮೂವರು ಕೊಂಕಣಿ ವೈದ್ಯರಿದ್ದರು. ಅವರು 1675ರಲ್ಲಿ ನಾಗರಿ ಲಿಪಿಯಲ್ಲಿ ಬರೆದುಕೊಟ್ಟ ಕೊಂಕಣಿ ಪ್ರಮಾಣಪತ್ರ ಆ ಸಂಪುಟದಲ್ಲಿದೆ. ಒಂದೇ ಕಿರುಕುಳದಿಂದ ಚದುರಿದ ಎರಡು ಸಮುದಾಯಗಳ ಬರಹಗಳು, ನಿಸರ್ಗವನ್ನು ಅರಿಯುವ ಎರಡು ಭಿನ್ನ ಪ್ರಯತ್ನಗಳು, ಒಂದೇ ಊರಿನಲ್ಲಿ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಅಚ್ಚಾದವು. ಇವರು ಅವರನ್ನು ಅರಿಯರು, ಅವರು ಇವರನ್ನು ಅರಿಯರು.

ಸ್ಪಿನೋಜಾ ಹೇಳಿದ್ದಾದರೂ ಏನು? ಅವನ ಕಾಲದಲ್ಲಿ ಯುರೋಪಿನ ವಿಚಾರವಂತರು ನಿಸರ್ಗವನ್ನು ಹೊಸ ಕಣ್ಣಿನಿಂದ ನೋಡತೊಡಗಿದ್ದರು. ಇಂಗ್ಲೆಂಡಿನ ಬೇಕನ್, ನಿಸರ್ಗವನ್ನು ಅರಿತು ಮನುಷ್ಯನ ಉಪಯೋಗಕ್ಕೆ ಪಳಗಿಸಬೇಕೆಂದ. ಫ್ರಾನ್ಸಿನ ದೆಕಾರ್ತ್, ಚಿತ್ತವನ್ನೂ ಜಡವಸ್ತುವನ್ನೂ ಎರಡು ಬೇರೆ ಬೇರೆ ಸತ್ತ್ವಗಳೆಂದು ವಿಂಗಡಿಸಿ, ಪ್ರಾಣಿಗಳು ಕೇವಲ ಯಂತ್ರಗಳೆಂದ. ಈ ಇಬ್ಬರ ಚಿತ್ರದಲ್ಲಿಯೂ ದೇವರು ಜಗತ್ತಿನ ಹೊರಗಿದ್ದಾನೆ. ಮನುಷ್ಯ ನಿಸರ್ಗದ ಮೇಲಿದ್ದಾನೆ. ಸ್ಪಿನೋಜಾ ಈ ಎರಡು ಗೋಡೆಗಳನ್ನೂ ಕೆಡವಿದ. ಇರುವುದು ಒಂದೇ ಅನಂತ ಸತ್ತ್ವ. ಅದನ್ನು ದೇವರೆಂದರೂ ಸರಿ, ನಿಸರ್ಗವೆಂದರೂ ಸರಿ. ನಾವೆಲ್ಲ, ಕಲ್ಲು, ಮರ, ಮೀನು, ಮನುಷ್ಯ, ಅದರದೇ ರೂಪಗಳು. ಸಾಮ್ರಾಜ್ಯದೊಳಗಿನ ಇನ್ನೊಂದು ಸಾಮ್ರಾಜ್ಯದಂತೆ ಮನುಷ್ಯ ನಿಸರ್ಗದ ನಿಯಮಗಳಿಂದ ಹೊರತಾಗಿದ್ದಾನೆಂಬುದು ಅವನಿಗೆ ಒಪ್ಪಿಗೆಯಾಗದ ಮಾತು.

ಹೀಗೆಂದ ಮೇಲೆ ಸಿಟ್ಟಾಗುವ, ಓಲೈಕೆಗೆ ಮಣಿಯುವ, ಕೆಲವರನ್ನು ಮೆಚ್ಚಿ ಕೆಲವರನ್ನು ಶಿಕ್ಷಿಸುವ ದೇವರಿಗೆ ಎಡೆಯಿಲ್ಲ. ಜನ ಮೌಢ್ಯಕ್ಕೆ ಬಲಿಯಾಗುವುದು ಭಯದಿಂದ, ಆ ಭಯವನ್ನು ಪೋಷಿಸಿ ಆಳುವವರು ಯಾವಾಗಲೂ ಇರುತ್ತಾರೆ ಎಂಬುದು 1670ರಲ್ಲಿ ಹೆಸರಿಲ್ಲದೆ ಪ್ರಕಟಿಸಿದ ಅವನ ಗ್ರಂಥದ ಆರಂಭದ ತರ್ಕ. ಸಾರ್ಥಕ ಬದುಕೆಂದರೆ ಭಯದ ಜಾಗದಲ್ಲಿ ತಿಳಿವನ್ನು ತರುವುದು. ಯಾವುದು ಏಕೆ ಆಯಿತೆಂದು ಅರಿತಷ್ಟೂ ದ್ವೇಷ, ಮತ್ಸರ, ಪಶ್ಚಾತ್ತಾಪಗಳ ಹಿಡಿತ ಸಡಿಲವಾಗುತ್ತದೆ. ಸ್ವತಂತ್ರ ಮನುಷ್ಯನ ಚಿಂತನೆ ಸಾವನ್ನು ಕುರಿತದ್ದಲ್ಲ, ಬದುಕನ್ನು ಕುರಿತದ್ದು. ಒಳ್ಳೆಯತನಕ್ಕೆ ಬೇರೆ ಬಹುಮಾನವಿಲ್ಲ. ಒಳ್ಳೆಯತನವೇ ಅದರ ಆನಂದ.

ಇದನ್ನು ಓದಿದ ನಮ್ಮ ವಿದ್ಯಾವಂತರ ಮೊದಲ ಪ್ರತಿಕ್ರಿಯೆ ಊಹಿಸಬಹುದಾದದ್ದು: ‘ಇದೆಲ್ಲ ನಮ್ಮ ಅದ್ವೈತದಲ್ಲಿ ಮೊದಲೇ ಇದೆಯಲ್ಲ!’ ಶಿರಾಲಿಯ ಮಠವೂ ಅದ್ವೈತ ಪರಂಪರೆಯದೇ. ಹೋಲಿಕೆ ನಿಜ, ಹತ್ತೊಂಬತ್ತನೆಯ ಶತಮಾನದ ಯುರೋಪಿಯನ್ ವಿದ್ವಾಂಸರೂ ಅದನ್ನು ಗುರುತಿಸಿದ್ದರು. ಆದರೆ ಹೋಲಿಕೆಯಲ್ಲಿಯೇ ಸಂತೃಪ್ತರಾಗುವುದು ಸೋಮಾರಿತನ. ಅದ್ವೈತದಲ್ಲಿ ಜಗತ್ತು ಪರಮಾರ್ಥದ ದೃಷ್ಟಿಯಿಂದ ಮಿಥ್ಯೆ. ಸ್ಪಿನೋಜಾನಿಗೆ ಜಗತ್ತು ಪೂರ್ಣ ಸತ್ಯ, ನಿಯಮಬದ್ಧ, ಗಣಿತದಷ್ಟು ಖಚಿತ. ಅಲ್ಲಿ ಅರಿವಿಗೆ ಗುರುವೂ ಶ್ರುತಿಯೂ ಬೇಕು. ಇಲ್ಲಿ ಪ್ರತಿಯೊಬ್ಬನ ಬುದ್ಧಿಯೇ ಆಧಾರ. ಎಲ್ಲಕ್ಕಿಂತ ಮುಖ್ಯವಾದ ವ್ಯತ್ಯಾಸ ಸಾಮಾಜಿಕವಾದದ್ದು. ಎಲ್ಲವೂ ಒಂದೇ ಎಂಬ ತತ್ವದಿಂದ, ಎಲ್ಲರಿಗೂ ಯೋಚಿಸುವ ಮತ್ತು ಯೋಚಿಸಿದ್ದನ್ನು ಹೇಳುವ ಸ್ವಾತಂತ್ರ್ಯವಿರಬೇಕು, ರಾಜ್ಯದ ನಿಜವಾದ ಗುರಿಯೇ ಆ ಸ್ವಾತಂತ್ರ್ಯ ಎಂಬ ತೀರ್ಮಾನಕ್ಕೆ ಸ್ಪಿನೋಜಾ ಬಂದ. ನಮ್ಮಲ್ಲಿ ಆ ಏಕತ್ವ ಬಹುಪಾಲು ಧ್ಯಾನದ ವಿಷಯವಾಗಿ ಉಳಿಯಿತು; ಪಂಕ್ತಿಭೇದವೂ ಅದರ ಪಕ್ಕದಲ್ಲಿಯೇ ನಿಶ್ಚಿಂತೆಯಿಂದ ಉಳಿಯಿತು.

ಸ್ಪಿನೋಜಾ ಈ ಸ್ವಾತಂತ್ರ್ಯಕ್ಕೆ ತೆತ್ತ ಬೆಲೆ ಚಿಕ್ಕದಲ್ಲ. 1656ರ ಜುಲೈ 27ರಂದು ಆಮ್‌ಸ್ಟರ್‌ಡ್ಯಾಮಿನ ಯಹೂದಿ ಸಮುದಾಯ ಇಪ್ಪತ್ತಮೂರು ವರ್ಷದ ಅವನನ್ನು ಬಹಿಷ್ಕರಿಸಿತು. ಯಾರೂ ಅವನೊಡನೆ ಮಾತನಾಡುವಂತಿಲ್ಲ, ಒಂದೇ ಸೂರಿನಡಿ ಇರುವಂತಿಲ್ಲ, ನಾಲ್ಕು ಮೊಳದೊಳಗೆ ಸುಳಿಯುವಂತಿಲ್ಲ, ಅವನು ಬರೆದದ್ದನ್ನು ಓದುವಂತಿಲ್ಲ. ಬಹಿಷ್ಕಾರ ಹಾಕಿದವರು ಕ್ರೂರಿಗಳೇನಲ್ಲ. ಇನ್‌ಕ್ವಿಸಿಷನ್ ಏನೆಂದು ಬಲ್ಲವರು, ಆಶ್ರಯ ಕೊಟ್ಟ ನಗರದ ಮುನಿಸಿಗೆ ಅಂಜಿದವರು, ಇಷ್ಟು ಕಷ್ಟಪಟ್ಟು ಉಳಿಸಿಕೊಂಡ ಧರ್ಮ ಒಳಗಿನಿಂದಲೇ ಕರಗೀತೆಂದು ಆತಂಕಪಟ್ಟವರು. ಭಯಕ್ಕೊಳಗಾದವರು ಭಯ ಹುಟ್ಟಿಸುವುದನ್ನು ಕಲಿತರು. ಸ್ಪಿನೋಜಾ ಕ್ರೈಸ್ತನೂ ಆಗಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ. ಮಸೂರ ಉಜ್ಜುವ ಕಸುಬನ್ನು ಹಿಡಿದು ಸರಳವಾಗಿ ಬದುಕಿದ. 1673ರಲ್ಲಿ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯ ಪ್ರಾಧ್ಯಾಪಕ ಪದವಿಗೆ ಕರೆದಾಗ, ಸ್ಥಾಪಿತ ಧರ್ಮಕ್ಕೆ ಧಕ್ಕೆ ತರಬಾರದೆಂಬ ಷರತ್ತಿನ ಮಿತಿ ಎಲ್ಲಿಯವರೆಗೆ ಎಂದು ತಿಳಿಯದೆಂದು ಹೇಳಿ ನಿರಾಕರಿಸಿದ. ಬಹಿಷ್ಕಾರವನ್ನು ಹಿಂದೆಗೆದುಕೊಳ್ಳಬೇಕೇ ಎಂದು ಆಮ್‌ಸ್ಟರ್‌ಡ್ಯಾಮಿನ ಅದೇ ಸಮುದಾಯ 2015ರಲ್ಲಿ ವಿದ್ವಾಂಸರನ್ನು ಕರೆಸಿ ಚರ್ಚಿಸಿತು. ಆದರೆ ಬಹಿಷ್ಕಾರ ತೆರವಾಗಲಿಲ್ಲ.

ಇದು ದೂರದ ಕಥೆಯೆಂದು ನಾವು ನಿಟ್ಟುಸಿರು ಬಿಡುವಂತಿಲ್ಲ. ನಮ್ಮ ಕರಾವಳಿಯಲ್ಲಿಯೂ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ಕಡಲು ದಾಟಿ ಬಂದವರನ್ನು ಜಾತಿಯೊಳಗೆ ಸೇರಿಸಿಕೊಳ್ಳಬೇಕೇ ಎಂಬ ವಿವಾದ ಸಾರಸ್ವತ ಸಮಾಜವನ್ನು ಅಲುಗಿಸಿತು. ದೇವರನ್ನು ಉಳಿಸಿಕೊಳ್ಳಲು ಊರನ್ನೇ ಬಿಟ್ಟುಬಂದವರ ಸಂತತಿ, ಓದಲೆಂದು ಊರು ಬಿಟ್ಟವನಿಗೆ ಪ್ರಾಯಶ್ಚಿತ್ತದ ಮಾತಾಡಿತು. 1855ರಲ್ಲಿ ಹೊನ್ನಾವರದಲ್ಲಿ ಹುಟ್ಟಿದ ನಾರಾಯಣ ಗಣೇಶ ಚಂದಾವರ್ಕರ್ 1885ರಲ್ಲಿ ಭಾರತದ ಪರವಾಗಿ ಮಾತನಾಡಲು ಇಂಗ್ಲೆಂಡಿಗೆ ಹೋದರು, 1900ರಲ್ಲಿ ಕಾಂಗ್ರೆಸ್ ಅಧ್ಯಕ್ಷರಾದರು, ವಿಗ್ರಹಪೂಜೆ ಮತ್ತು ಜಾತಿಭೇದಗಳನ್ನು ಒಪ್ಪದ ಪ್ರಾರ್ಥನಾ ಸಮಾಜವನ್ನು ಮುಂಬಯಿಯಲ್ಲಿ ಮುನ್ನಡೆಸಿದರು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ಬ್ರಹ್ಮಸಮಾಜದ ಪ್ರೇರಣೆಯಿಂದ 1897ರಲ್ಲಿ ದಲಿತೋದ್ಧಾರ ಸಂಸ್ಥೆಯನ್ನು ಸ್ಥಾಪಿಸಿ, ದಲಿತರ ಮಕ್ಕಳಿಗೆ ಶಾಲೆ, ಕುಟುಂಬಗಳಿಗೆ ನೆಲ, ಕೈಗಳಿಗೆ ಕಸುಬು ಒದಗಿಸಲು ಹೆಣಗಿದರು. ಅದಕ್ಕೆ ಅವರು ಸ್ವಜಾತಿಯವರಿಂದ ಪಡೆದ ಪ್ರತಿಫಲ ಬಹಿಷ್ಕಾರ. ಇಂದು ಅದೇ ಸಮಾಜ ಇವರಿಬ್ಬರ ಹೆಸರನ್ನು ಹೆಮ್ಮೆಯಿಂದ ಹೇಳುತ್ತದೆ. ಜೀವಂತವಿದ್ದಾಗ ದೂರವಿಟ್ಟು, ತೀರಿಕೊಂಡ ಮೇಲೆ ನಮ್ಮವರೆನ್ನುವುದು ಯಾವುದೇ ಒಂದು ಜಾತಿಯ ದೋಷವಲ್ಲ. ಎಲ್ಲ ಮತ, ಪಂಥಗಳಲ್ಲಿಯೂ ಕಾಣುವ ಚಾಳಿ.

ಈ ಚಾಳಿಗೆ ಕಾನೂನಿನ ತಡೆ ಒಡ್ಡುವ ಮೊದಲ ಪ್ರಯತ್ನಗಳಲ್ಲೊಂದು ಶಿರಾಲಿಗೂ ಅನ್ವಯವಾಗಿತ್ತೆಂಬುದನ್ನು ನಾವು ಮರೆತಿದ್ದೇವೆ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಆ ಪ್ರಾಂತ 1949ರಲ್ಲಿ ಬಹಿಷ್ಕಾರ ನಿಷೇಧ ಕಾಯ್ದೆಯನ್ನು ತಂದಿತು. ದಾವೂದಿ ಬೊಹ್ರಾ ಸಮುದಾಯದ ಧರ್ಮಗುರುಗಳು ಪ್ರಶ್ನಿಸಿದಾಗ, 1962ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬಹುಮತದಿಂದ ಅಸಿಂಧುಗೊಳಿಸಿತು. ಧಾರ್ಮಿಕ ಕಾರಣದ ಬಹಿಷ್ಕಾರ ಆಯಾ ಪಂಥದ ಆಂತರಿಕ ವ್ಯವಹಾರವೆಂಬುದು ಬಹುಮತದ ವಾದ. ಮುಖ್ಯ ನ್ಯಾಯಮೂರ್ತಿ ಸಿನ್ಹಾ ಒಬ್ಬರೇ ಭಿನ್ನಮತ ಬರೆದು, ಬಹಿಷ್ಕೃತನ ಸ್ಥಿತಿ ಅಸ್ಪೃಶ್ಯನ ಸ್ಥಿತಿಗೆ ಹತ್ತಿರವಾದದ್ದೆಂದೂ ಅವನ ಘನತೆಯನ್ನು ರಕ್ಷಿಸುವುದು ಕಾಯ್ದೆಯ ಉದ್ದೇಶವೆಂದೂ ಹೇಳಿದರು. ಆ ಭಿನ್ನಮತದ ತೂಕ ಕುಂದಿಲ್ಲ: 2023ರ ಫೆಬ್ರವರಿಯಲ್ಲಿ ಐವರು ನ್ಯಾಯಮೂರ್ತಿಗಳ ಪೀಠ 1962ರ ತೀರ್ಪಿನ ಮರುಪರಿಶೀಲನೆಯ ಪ್ರಶ್ನೆಯನ್ನು ಒಂಬತ್ತು ನ್ಯಾಯಮೂರ್ತಿಗಳ ಪೀಠಕ್ಕೆ ಒಪ್ಪಿಸಿತು. ಮಹಾರಾಷ್ಟ್ರ 2016ರಲ್ಲಿ ಸಾಮಾಜಿಕ ಬಹಿಷ್ಕಾರವನ್ನು ಅಪರಾಧವೆಂದು ಸಾರುವ ಕಾನೂನು ಮಾಡಿತು. ಮಠವಿರಲಿ, ಮಸೀದಿಯಿರಲಿ, ಜಾತಿ ಪಂಚಾಯಿತಿಯಿರಲಿ, ತನ್ನ ನಂಬಿಕೆಯನ್ನು ಸಾರುವ ಹಕ್ಕು ಸಂಸ್ಥೆಗೆ ಇರಬೇಕು. ಆದರೆ ಒಪ್ಪದವನ ಅನ್ನ, ನೀರು, ಮದುವೆ, ಮಸಣಗಳನ್ನು ತಡೆಯುವ ಹಕ್ಕು ಯಾವ ಸಂಸ್ಥೆಗೂ ಇರಬಾರದು. ಸಮುದಾಯದ ಹಕ್ಕು ಮತ್ತು ವ್ಯಕ್ತಿಯ ಹಕ್ಕು ಎದುರುಬದುರಾದಾಗ ರಾಜ್ಯ ವ್ಯಕ್ತಿಯ ಪಕ್ಕದಲ್ಲಿ ನಿಲ್ಲಬೇಕೆಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಸಮಾಜವನ್ನು ಭಯ ಆಳುವಂತೆ ನಿಸರ್ಗದೊಡನೆ ನಮ್ಮ ಸಂಬಂಧವನ್ನೂ ಅದೇ ಆಳುತ್ತದೆ. 2022ರ ಆಗಸ್ಟ್‌ನಲ್ಲಿ ಭಟ್ಕಳ ತಾಲ್ಲೂಕಿನ ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ಒಂದೇ ಮನೆಯ ನಾಲ್ವರು ಮಡಿದರು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಜಾರಿ, ಚಹದಂಗಡಿಯೂ ವಾಹನಗಳೂ ಜನರೂ ಗಂಗಾವಳಿಯ ಪಾಲಾದರು. ಇಂಥ ಸಂದರ್ಭಗಳಲ್ಲಿ ಸರ್ಕಾರಿ ಕಡತಗಳು ಬಳಸುವ ಪದವೊಂದಿದೆ: ‘ಪ್ರಕೃತಿ ವಿಕೋಪ’. ಆಡಳಿತದಲ್ಲಿ ಜೀವಮಾನ ಕಳೆದವರಿಗೆ ಈ ಪದದ ಅನುಕೂಲ ಗೊತ್ತು. ಪರಿಹಾರ ಬಿಡುಗಡೆಗೆ ಅದು ಶೀರ್ಷಿಕೆ. ಹೊಣೆಗಾರಿಕೆಗೆ ಅದು ಪೂರ್ಣವಿರಾಮ.

ಸ್ಪಿನೋಜಾ ‘ಎಥಿಕ್ಸ್’ನ ಮೊದಲ ಭಾಗದ ಅನುಬಂಧದಲ್ಲಿ ಇದಕ್ಕೆ ಹೊಂದುವ ದೃಷ್ಟಾಂತವೊಂದನ್ನು ಕೊಡುತ್ತಾನೆ. ಚಾವಣಿಯಿಂದ ಕಲ್ಲು ಬಿದ್ದು ಒಬ್ಬ ಸತ್ತ. ಗಾಳಿ ಬೀಸಿತು, ಅವನು ಆ ದಾರಿಯಲ್ಲಿ ಬಂದ, ಕಲ್ಲು ಬಿತ್ತು ಎಂದರೆ ಜನ ಒಪ್ಪುವುದಿಲ್ಲ. ಗಾಳಿ ಆಗಲೇ ಏಕೆ ಬೀಸಿತು, ಅವನು ಆಗಲೇ ಏಕೆ ಬಂದ ಎಂದು ಕೇಳುತ್ತ ಹೋಗಿ, ಕೊನೆಗೆ ದೈವೇಚ್ಛೆಯೆಂಬ ಅಜ್ಞಾನದ ಆಸರೆಗೆ ಸೇರುತ್ತಾರೆ. ನಿಜವಾದ ಕಾರಣವನ್ನು ಹುಡುಕುವವನು ಅವರ ಕಣ್ಣಿಗೆ ಧರ್ಮದ್ರೋಹಿ. ನಮ್ಮ ಕಾಲ ದೈವೇಚ್ಛೆಯ ಜಾಗದಲ್ಲಿ ಪ್ರಕೃತಿಯ ಮುನಿಸನ್ನು ಇರಿಸಿದೆ, ಅಷ್ಟೆ. ನಿಸರ್ಗ ಮುನಿಯುವುದಿಲ್ಲ. ಗುಡ್ಡದ ಬುಡವನ್ನು ಕಡಿದಾಗಿ ಕತ್ತರಿಸಿ, ನೀರಿಗೆ ಹರಿಯುವ ದಾರಿಯನ್ನು ಬಿಡದೆ, ಮೇಲೆ ಮಳೆ ಸುರಿದರೆ ಮಣ್ಣು ತನ್ನ ನಿಯಮದಂತೆ ನಡೆಯುತ್ತದೆ. ಅದನ್ನು ವಿಕೋಪವೆನ್ನುವುದು ನಿಸರ್ಗದ ಮೇಲೆ ಆರೋಪ ಹೊರಿಸಿ ಮನುಷ್ಯನನ್ನು ಖುಲಾಸೆ ಮಾಡುವ ವಿಧಾನ.

ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಇದರ ಬೇರು ಇನ್ನೂ ಆಳದಲ್ಲಿ ಕಾಣುತ್ತದೆ. ಸ್ಪಿನೋಜಾ ಹುಟ್ಟಿದ ವರ್ಷವೇ ಹುಟ್ಟಿದ ಇಂಗ್ಲೆಂಡಿನ ಲಾಕ್, ಮನುಷ್ಯನ ಶ್ರಮ ಬೆರೆಯದ ನೆಲಕ್ಕೆ ಹೆಚ್ಚು ಬೆಲೆಯಿಲ್ಲವೆಂದು ವಾದಿಸಿದ. ಉಳುಮೆಯಾಗದ ನೆಲವೆಂದರೆ ವ್ಯರ್ಥವಾದ ನೆಲ. ಇಂಥ ದೃಷ್ಟಿಯೇ ಕಂದಾಯ ಆಡಳಿತದಲ್ಲಿಯೂ ಬೇರೂರಿತು. ಸಾಗುವಳಿಗೆ ಬಾರದ, ಕಂದಾಯ ತಾರದ ನೆಲಕ್ಕೆ ನಮ್ಮ ದಾಖಲೆಗಳಲ್ಲಿ ಇಂದಿಗೂ ‘ಖರಾಬು’ ಎಂಬ ಹೆಸರು. ಹಳ್ಳದ ದಂಡೆ, ಗದ್ದೆಗೆ ನೀರೂಡುವ ಇಳಿಜಾರು ಖರಾಬು ಹೇಗಾದೀತು? ಲೆಕ್ಕದಲ್ಲಿ ಬೆಲೆಯಿಲ್ಲದ್ದನ್ನು ಕಳೆದುಕೊಂಡಾಗ ನಷ್ಟವೂ ಲೆಕ್ಕಕ್ಕೆ ಬರುವುದಿಲ್ಲ. ಉತ್ತರ ಕನ್ನಡದಲ್ಲಿ ದಶಕಗಳ ಕಾಲ ಕ್ಷೇತ್ರಾಧ್ಯಯನ ನಡೆಸಿದ ಮಾಧವ ಗಾಡ್ಗೀಳರ ನೇತೃತ್ವದ ಸಮಿತಿ 2011ರ ವರದಿಯಲ್ಲಿ ಪಶ್ಚಿಮ ಘಟ್ಟದ ಬಗ್ಗೆ ಕಾರಣ, ಪರಿಣಾಮಗಳನ್ನು ವಿವರವಾಗಿ ಮಂಡಿಸಿತು, ಗ್ರಾಮಸಭೆಗಳಲ್ಲಿ ಚರ್ಚೆಯಾಗಲೆಂದಿತು. ಚರ್ಚೆಗೆ ಬದಲು ನಮಗೆ ಸಿಕ್ಕಿದ್ದು ಭಯ: ಒಕ್ಕಲೆಬ್ಬಿಸುತ್ತಾರೆಂಬ ಭಯ, ಅಭಿವೃದ್ಧಿ ನಿಲ್ಲುತ್ತದೆಂಬ ಭಯ. ಅನುಭವದಿಂದ ಹುಟ್ಟಿದ ಬಡವರ ಭಯವನ್ನು ಗೌರವಿಸಬೇಕು. ಅದನ್ನು ಬಂಡವಾಳ ಮಾಡಿಕೊಂಡವರನ್ನು ಗೌರವಿಸಬೇಕಾದ ಅಗತ್ಯವಿಲ್ಲ.

ಸ್ಪಿನೋಜಾನನ್ನು ಪರಿಸರವಾದದ ಸಂತನನ್ನಾಗಿ ಮಾಡುವುದೂ ಸಲ್ಲದು. ಪ್ರಾಣಿಗಳನ್ನು ನಮ್ಮ ಅನುಕೂಲಕ್ಕೆ ತಕ್ಕಂತೆ ಬಳಸಬಹುದೆಂದು ಅವನು ಬರೆದಿದ್ದಾನೆ. ಹೆಂಗಸರಿಗೆ ರಾಜ್ಯಾಡಳಿತದಲ್ಲಿ ಪಾಲು ಬೇಡವೆಂದೂ ಬರೆದಿದ್ದಾನೆ. ತನ್ನ ಕಾಲದ ಎಲ್ಲ ಭ್ರಮೆಗಳಿಂದ ಅವನೂ ಬಿಡಿಸಿಕೊಳ್ಳಲಿಲ್ಲ. ನಾವು ಅವನಿಂದ ಪಡೆಯಬೇಕಾದದ್ದು ತೀರ್ಪುಗಳನ್ನಲ್ಲ, ಕಾರಣ ಕೇಳುವ ಶಿಸ್ತನ್ನು. ಆ ಶಿಸ್ತಿಗೆ ನಮ್ಮದೇ ನೆಲದ ಉದಾಹರಣೆ ಶಿವರಾಮ ಕಾರಂತರು. ಸಿದ್ಧ ದೇವರುಗಳನ್ನು ಒಪ್ಪದೆ, ಕಂಡದ್ದನ್ನು ಮಾತ್ರ ಕಂಡೆನೆಂದ ಅವರು, 1989ರಲ್ಲಿ ಎಂಬತ್ತೇಳರ ಇಳಿವಯಸ್ಸಿನಲ್ಲಿ ಕೈಗಾ ಅಣುಸ್ಥಾವರದ ಪ್ರಶ್ನೆಯನ್ನು ಮುಂದಿಟ್ಟು ಇದೇ ಜಿಲ್ಲೆಯಿಂದ ಲೋಕಸಭೆಗೆ ಸ್ಪರ್ಧಿಸಿದರು, ಸೋತರು. ಅವರ ಎಲ್ಲ ನಿಲುವುಗಳನ್ನು ಒಪ್ಪಬೇಕಿಲ್ಲ. ಸೋಲುವುದು ಖಚಿತವಿದ್ದರೂ ಕೇಳಬೇಕಾದುದನ್ನು ಕೇಳುವ ನಿರ್ಭಯ ಮುಖ್ಯ.

ನಿರ್ಭಯವೆಂದರೆ ಒಂಟಿತನವಲ್ಲ. ಮನುಷ್ಯನಿಗೆ ಮನುಷ್ಯನಷ್ಟು ಉಪಯುಕ್ತವಾದದ್ದು ಬೇರಿಲ್ಲವೆಂಬುದು ಬಹಿಷ್ಕೃತನಾಗಿ ಬದುಕಿದ ಸ್ಪಿನೋಜಾನದೇ ನಿಲುವು. ಇದಕ್ಕೂ ಕೆನರಾದ ಜನ ಪುರಾವೆ ಒದಗಿಸಿದ್ದಾರೆ. ಮುಂಬಯಿಗೆ ದುಡಿಯಲು ಹೋದ ಸಾರಸ್ವತರಿಗಾಗಿ ಶ್ರೀಪಾದ ಸುಬ್ರಾವ್ ತಲ್ಮಕಿಯವರು 1906ರಲ್ಲಿ ಶಾಮರಾವ್ ವಿಠಲ ಸಹಕಾರಿ ಸಂಸ್ಥೆಯನ್ನೂ, 1915ರಲ್ಲಿ ಗಾಮ್‌ದೇವಿಯಲ್ಲಿ ಸಹಕಾರಿ ವಸತಿ ಸಂಘವನ್ನೂ ಕಟ್ಟಿದರು. ಸಮುದಾಯ ಶಿಕ್ಷಿಸುವ ಕೂಟವೂ ಆಗಬಹುದು, ಸೂರು ಕೊಡುವ ಕೂಟವೂ ಆಗಬಹುದು. ಯಾವುದಾಗಬೇಕೆಂಬುದು ಅದರ ಒಳಗಿನವರು ಮಾಡಿಕೊಳ್ಳಬೇಕಾದ ಆಯ್ಕೆ.

ಧರ್ಮದ ಗಾಯಗಳನ್ನು ನೆನೆದು ಇನ್ನೊಬ್ಬರ ಮೇಲೆ ಸೇಡು ತೀರಿಸಿಕೊಳ್ಳುವುದು ಇಂದಿನ ರಾಜಕಾರಣದ ಸುಲಭದ ದಾರಿ. ಗೋವೆಯ ಇನ್‌ಕ್ವಿಸಿಷನ್ನಿನ ನೆನಪನ್ನೂ ಹಾಗೆ ಬಳಸಲು ಸಾಧ್ಯ. ಆ ನೆನಪಿಗೆ ಹೆಚ್ಚು ಗೌರವ ತರುವ ದಾರಿ ಇನ್ನೊಂದಿದೆ. ನಮ್ಮ ಹಿರಿಯರನ್ನು ಓಡಿಸಿದ್ದು ಒಂದು ಧರ್ಮವಲ್ಲ, ಬೇರೆ ರೀತಿ ನಂಬುವವನನ್ನು ಸಹಿಸದ ಮನಸ್ಸು ಎಂದು ಅರಿತು, ಆ ಮನಸ್ಸು ನಮ್ಮ ಮನೆ, ಮಠ, ಕೇರಿ, ಕಚೇರಿಗಳಲ್ಲಿ ತಲೆಯೆತ್ತದಂತೆ ಕಾಯುವುದು. ದೇವರನ್ನು ಹೊತ್ತುಕೊಂಡು ಓಡಿಬಂದವರಿಗೆ ಕರಾವಳಿ ಆಸರೆ ಕೊಟ್ಟಿತು. ದೇವರನ್ನು ಬೇರೆಯಾಗಿ ಕಾಣುವವನಿಗೂ, ಕಾಣೆನೆಂದವನಿಗೂ ಅದೇ ಆಸರೆ ಸಿಗುವ ದಿನ ಆ ಋಣ ಸಂದಾಯವಾದಂತೆ.